ಸ್ಕ್ರೀನ್ ಬದಲಾಯಿಸಿದರೆ ಲೆಕ್ಕ ಕೆಡುತ್ತಿದೆಯೇ? ಡೇಟಾ ಲೇಯರ್ ದೋಷ ನಿವಾರಣೆ ಕೈಪಿಡಿ

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಫೋನ್ ಬಂದರೆ ಮಾತು ಹೆಚ್ಚುಕಡಿಮೆ ಒಂದೇ: "ಏನೂ ಮಾಡಿಲ್ಲ ಸಾರ್, ಸುಮ್ನೆ ಸ್ಕ್ರೀನ್ ಸ್ವಲ್ಪ ಚೇಂಜ್ ಮಾಡಿದ್ವಿ, ಲೆಕ್ಕ ಎಲ್ಲೋ ತಪ್ಪೋಯ್ತು."

ಗುಮಾಸ್ತರು ಕೂರುವ ಮೇಜು ಬದಲಾದರೆ ಖಾತೆ ಪುಸ್ತಕದ ಅಂಕಿ ಬದಲಾಗುವುದಿಲ್ಲ, ಅಲ್ವಾ? ಬದಲಾಗುತ್ತಿದೆ ಎಂದರೆ ಯಾರೋ ಪುಸ್ತಕವನ್ನು ಮೇಜಿಗೇ ಮೊಳೆ ಹೊಡೆದು ಕೂರಿಸಿದ್ದಾರೆ. ಸಾಫ್ಟ್‌ವೇರ್‌ನಲ್ಲಿ ಈ ಮೊಳೆ ಕಣ್ಣಿಗೆ ಕಾಣುವುದಿಲ್ಲ. ಡೇಟಾ ಉಳಿಸುವ ಕೋಡ್‌ಗೆ, ಅಂದರೆ ಡೇಟಾ ಲೇಯರ್‌ಗೆ, ಎದುರಿಗೊಂದು ಸ್ಕ್ರೀನ್ ಇದೆ ಎಂಬುದೇ ಗೊತ್ತಿರಬಾರದು. ಗೊತ್ತಿದ್ದರೆ ಅದು ಯಾವ ರೂಪದಲ್ಲಿ ಹೊರಗೆ ಬರುತ್ತದೆ, ಹೇಗೆ ಹಿಡಿಯಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ. ಉದಾಹರಣೆಗಳು ಜಾವಾ ಭಾಷೆ ಮತ್ತು ಎಸ್‌ಕ್ಯೂಲೈಟ್‌ನವು (ಇಡೀ ಡೇಟಾಬೇಸನ್ನು ಫೈಲಿನಲ್ಲೇ ಇಡುವ ಸಾಧನ), ಯಾಕೆಂದರೆ ನನ್ನ ಅನ್ನ ಅದರಲ್ಲೇ ಇದೆ. ಬೇರೆ ಭಾಷೆಗಳಲ್ಲೂ ಕಾಯಿಲೆ ಇದೇ.

ಕೈ ಹಾಕುವ ಮೊದಲು

ಅಸಲಿ ಫೈಲ್ ಮೇಲೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಸಾಫ್ಟ್‌ವೇರ್ ಪೂರ್ತಿ ಮುಚ್ಚಿ, ಡೇಟಾಬೇಸ್ ಇರುವ ಫೋಲ್ಡರ್ ನೋಡಿ. ಮುಖ್ಯ ಫೈಲಿನ ಪಕ್ಕದಲ್ಲಿ ಅದೇ ಹೆಸರಿಗೆ "ವಾಲ್", "ಎಸ್‌ಎಚ್‌ಎಂ" ಅಥವಾ "ಜರ್ನಲ್" ಎಂಬ ಬಾಲ ಅಂಟಿಸಿಕೊಂಡ ಫೈಲ್‌ಗಳು ಇರಬಹುದು. ಕಸ ಎಂದು ಅವನ್ನು ಅಳಿಸಬೇಡಿ. ಇವತ್ತು ಬೆಳಗಿನ ಬಿಲ್‌ಗಳು ಇನ್ನೂ ಮುಖ್ಯ ಫೈಲಿಗೆ ಸೇರದೆ ಅಲ್ಲೇ ಇರಬಹುದು. ಮುಚ್ಚಿದ ಮೇಲೂ ವಾಲ್ ಫೈಲ್ ಉಳಿದಿದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು: ಯಾವುದೋ ಪ್ರೋಗ್ರಾಂ ಅದನ್ನು ಇನ್ನೂ ಹಿಡಿದುಕೊಂಡಿದೆ, ಇಲ್ಲವೇ ಹಿಂದಿನ ಸಲ ಕರೆಂಟ್ ಹೋಗಿ ಅರ್ಧದಲ್ಲಿ ನಿಂತಿದೆ. ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಕಾಪಿ ಮಾಡಿ.

ಕಾಪಿಯ ಮೇಲೆ "ಪ್ರಾಗ್ಮಾ ಇಂಟೆಗ್ರಿಟಿ ಚೆಕ್" ಕಮಾಂಡ್ ಓಡಿಸಿ. "ಓಕೆ" ಎಂದು ಬಂದರೆ ಮುಂದೆ ಹೋಗಿ. ಬೇರೆ ಏನೇ ಬಂದರೂ ಅಲ್ಲಿಗೇ ನಿಲ್ಲಿಸಿ. ಆಗ ಫೈಲೇ ಹಾಳಾಗಿದೆ, ಈ ಕೈಪಿಡಿಯ ಕೆಲಸವಲ್ಲ ಅದು. ಅಂಥ ಫೈಲಿಗೆ ಹೊಸ ಬಿಲ್ ಬರೆಯುತ್ತಾ ಹೋದರೆ ಉಳಿದದ್ದೂ ಹೋಗುತ್ತದೆ. ಡೇಟಾಬೇಸ್ ರಿಕವರಿ ಗೊತ್ತಿರುವವರನ್ನು ಕರೆಯಿರಿ, ಅವರು ಬರುವತನಕ ಕಾಗದದ ಬಿಲ್ ಬರೆಯಿರಿ.

ಇನ್ನೊಂದು ಮಾತು. ಆ ಫೈಲಿನಲ್ಲಿ ರೈತರ ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇರುತ್ತದೆ. "ಸ್ವಲ್ಪ ನೋಡಿ" ಎಂದು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಎರಡು ನಿಮಿಷದ ಪರೀಕ್ಷೆ

ಲಕ್ಷಣ ಯಾವುದೇ ಇರಲಿ, ಮೊದಲು ಇದನ್ನು ಮಾಡಿ. ಖರ್ಚಿಲ್ಲ. ಡೇಟಾ ಉಳಿಸುವ ಕ್ಲಾಸುಗಳಿರುವ ಫೋಲ್ಡರ್ ತೆರೆದು ಇಂಪೋರ್ಟ್ ಸಾಲುಗಳಲ್ಲಿ (ಹೊರಗಿನ ಕೋಡ್ ಕರೆಸಿಕೊಳ್ಳುವ ಸಾಲುಗಳು) ಸ್ವಿಂಗ್, ಜಾವಾಎಫ್‌ಎಕ್ಸ್ ಹೆಸರು ಹುಡುಕಿ. ಎರಡೂ ಜಾವಾದಲ್ಲಿ ಸ್ಕ್ರೀನ್ ಕಟ್ಟುವ ಲೈಬ್ರರಿಗಳು. ಆಂಡ್ರಾಯ್ಡ್ ಆದರೆ ವಿಜೆಟ್, ವ್ಯೂ, ಲೈಫ್‌ಸೈಕಲ್. ಒಂದು ಸಿಕ್ಕರೂ ಮೊಳೆ ಸಿಕ್ಕಿತು. ಆಮೇಲೆ ಉಲ್ಟಾ ಹುಡುಕಿ: ಸ್ಕ್ರೀನ್ ಕ್ಲಾಸುಗಳಲ್ಲಿ ಡೇಟಾಬೇಸ್ ಓದುವ, ಬರೆಯುವ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಸಾಲುಗಳಿವೆಯೇ? ಇದ್ದರೆ ಅದೂ ಮೊಳೆಯೇ.

"ಡೇಟಾಗೆ ಬೇರೆ ಫೋಲ್ಡರೇ ಇಲ್ಲ, ಎಲ್ಲ ಬಟನ್ ಒತ್ತಿದಾಗ ಓಡುವ ಕೋಡ್‌ನಲ್ಲೇ ಇದೆ" ಎನ್ನುವುದಾದರೆ ಉತ್ತರ ಆಗಲೇ ಸಿಕ್ಕಿದೆ.

ಏನೂ ಸಿಗದಿದ್ದರೆ ಅಲ್ಲಿಗೇ ಖುಷಿ ಬೇಡ. ಕೆಳಗಿನ ಎರಡನೇ ಲಕ್ಷಣ ಇಂಪೋರ್ಟ್ ಸಾಲಿನಲ್ಲಿ ಕಾಣುವುದೇ ಇಲ್ಲ.

ಲಕ್ಷಣ: ಬಿಲ್ ಮೊತ್ತ ಸರಿ, ಬಾಕ್ಸ್ ಲೆಕ್ಕ ತಪ್ಪು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನನ್ನ ಮಾನ ಹೋಗಿದೆ.

ಮಂಡಿಯವರು ರೈತರಿಗೆ ಖಾಲಿ ಕ್ರೇಟ್ ಕೊಟ್ಟಿರುತ್ತಾರೆ. ಆ ಕ್ರೇಟುಗಳೇ ಹಣ್ಣು ತುಂಬಿಕೊಂಡು ವಾಪಸ್ ಬರುತ್ತವೆ, ಬಿಲ್ಲಿನಲ್ಲಿ ಅವನ್ನೇ ಬಾಕ್ಸ್ ಎನ್ನುವುದು. ಒಂದು ಮಂಡಿಯಲ್ಲಿ ಮುಳಬಾಗಿಲು ಕಡೆಯ ರೈತರೊಬ್ಬರು 40 ಬಾಕ್ಸ್ ತಂದರು, ಬಾಕ್ಸಿಗೆ 600 ರೂಪಾಯಿ ಕೂಗಾಯಿತು. ಬಿಲ್ 24,000. ಸರಿಯಾಗಿತ್ತು. ದುಡ್ಡು ಎಣಿಸಿಕೊಂಡು ಹೋದರು. ತಿಂಗಳ ಕೊನೆಗೆ ಕ್ರೇಟ್ ಖಾತೆ ತೆಗೆದರೆ ಆ ರೈತರು ಒಂದೇ ದಿನ 600 ಕ್ರೇಟ್ ವಾಪಸ್ ಕೊಟ್ಟಂತೆ ಬರೆದಿದೆ. ತೆಗೆದುಕೊಂಡು ಹೋಗಿದ್ದೇ 40. ಅಂದರೆ ಮಂಡಿಯವರೇ ಅವರಿಗೆ 560 ಕ್ರೇಟ್ ಬಾಕಿ!

ಆಗಿದ್ದಿಷ್ಟು. ಹರಾಜಿನಲ್ಲಿ ರೇಟು ಮೊದಲು ಕಿವಿಗೆ ಬೀಳುತ್ತದೆ. ಹೊಸ ಗುಮಾಸ್ತರು ತಮಗೆ ಅನುಕೂಲ ಎಂದು "ರೇಟು" ಕಾಲಂ ಅನ್ನು ಮೌಸ್‌ನಿಂದ ಹಿಡಿದು "ಬಾಕ್ಸ್" ಕಾಲಂನ ಎಡಕ್ಕೆ ಎಳೆದುಕೊಂಡಿದ್ದರು. ಸ್ವಿಂಗ್‌ನಲ್ಲಿ ಪಟ್ಟಿ ತೋರಿಸುವ ಜೆಟೇಬಲ್ ಹಾಗೆ ಎಳೆಯಲು ತಾನಾಗೇ ಬಿಡುತ್ತದೆ. ಉಳಿಸುವ ಕೋಡ್ ಮಾತ್ರ "ಮೂರನೇ ಕಾಲಂ ಬಾಕ್ಸ್, ನಾಲ್ಕನೇ ಕಾಲಂ ರೇಟು" ಎಂದು ಸ್ಕ್ರೀನ್ ಮೇಲಿನ ಟೇಬಲ್‌ನಿಂದಲೇ ಓದುತ್ತಿತ್ತು. 40 ಇಂಟು 600 ಆದರೂ ಅಷ್ಟೇ, 600 ಇಂಟು 40 ಆದರೂ ಅಷ್ಟೇ. ಹಾಗಾಗಿ ಒಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಆ ಕೋಡ್ ಬರೆದವನು ನಾನೇ.

ನಿಮ್ಮಲ್ಲೂ ಇದೆಯಾ ನೋಡಲು ಐದು ನಿಮಿಷ ಸಾಕು. ಕಾಪಿ ಮೇಲೆ ಸಾಫ್ಟ್‌ವೇರ್ ತೆರೆಯಿರಿ. ಎರಡು ಕಾಲಂ ಅದಲುಬದಲು ಮಾಡಿ, 3 ಬಾಕ್ಸ್, 7 ರೂಪಾಯಿ ಎಂದು ಒಂದು ಬಿಲ್ ಉಳಿಸಿ. ಆಮೇಲೆ ಸಾಫ್ಟ್‌ವೇರ್ ಬಿಟ್ಟು ಡಿಬಿ ಬ್ರೌಸರ್‌ನಂಥ ಸಾಧನದಲ್ಲಿ ನೇರವಾಗಿ ಆ ಸಾಲು ನೋಡಿ. ಸ್ಕ್ರೀನ್‌ನಲ್ಲೇ ನೋಡಿ ಸರಿ ಎನ್ನಬೇಡಿ, ಉಲ್ಟಾ ಉಳಿಸಿದ್ದನ್ನು ಅದು ಉಲ್ಟಾ ತೋರಿಸಿ ನಿಮ್ಮನ್ನೇ ನಂಬಿಸಬಹುದು.

ಮುಂದಿನದು ಇನ್ನೂ ಮುಖ್ಯ. ಹೆಸರಿನ ಪ್ರಕಾರ ಸಾರ್ಟ್ ಮಾಡಿ, ಮಧ್ಯದ ಒಂದು ಬಿಲ್ ಆರಿಸಿ "ಅಳಿಸು" ಒತ್ತಿ. ಹೋಗಿದ್ದು ಅದೇ ಬಿಲ್ಲೋ, ಬೇರೆಯವರದ್ದೋ? ಸಾರ್ಟ್ ಆದ ಮೇಲೆ ಕಣ್ಣಿಗೆ ಕಾಣುವ ಐದನೇ ಸಾಲು ಡೇಟಾದಲ್ಲಿ ಐದನೆಯದಾಗಿರಬೇಕಿಲ್ಲ. ಬೇರೆ ರೈತರ ಬಿಲ್ ಹೋದರೆ ಅವತ್ತೇ ಅಳಿಸು ಬಟನ್ ಬಂದ್ ಮಾಡಿ. ಉಳಿದ ರಿಪೇರಿ ಆಮೇಲೆ.

ಕಾಲಂ ಎಳೆಯುವುದನ್ನು ನಿಲ್ಲಿಸುವ ಒಂದು ಸಾಲಿನ ಕೋಡ್ ಇದೆ. ಸ್ಕ್ರೀನಿನ ಸಾಲು ಸಂಖ್ಯೆಯನ್ನು ಮಾಡೆಲ್‌ನ (ಟೇಬಲ್ ಹಿಂದಿರುವ ಡೇಟಾದ) ಸಂಖ್ಯೆಗೆ ತಿರುಗಿಸುವ ಮೆಥಡ್ ಸಹ ಇದೆ. ಎರಡೂ ಇವತ್ತಿನ ರಕ್ತ ನಿಲ್ಲಿಸುವ ಬ್ಯಾಂಡೇಜು. ಸರಿಯಾದ ದಾರಿ ಎಂದರೆ ಪ್ರತಿ ಬಿಲ್ಲಿಗೂ ಒಂದು ಸರಳ ಆಬ್ಜೆಕ್ಟ್, ಅದರಲ್ಲಿ ಬಿಲ್ ನಂಬರ್, ರೈತ, ಬಾಕ್ಸ್, ರೇಟು. ಟೇಬಲ್ ಅದನ್ನು ತೋರಿಸಲಿ. ಉಳಿಸುವಾಗ ಆ ಆಬ್ಜೆಕ್ಟನ್ನೇ ಉಳಿಸಿ, ಅಳಿಸುವಾಗ ಬಿಲ್ ನಂಬರ್‌ನಿಂದ ಅಳಿಸಿ.

ಲಕ್ಷಣ: ಒಟ್ಟು ಮೊತ್ತ ನಗು ಬರುವಷ್ಟು ಕಡಿಮೆ, ಅಥವಾ 9ರ ಮೊದಲು 10

ಸ್ಕ್ರೀನಿಗೆ ಚೆಂದ ಕಾಣಲಿ ಎಂದು ಮಾಡಿದ ಅಲಂಕಾರ ಡೇಟಾಬೇಸ್ ಒಳಗೂ ಹೋಗಿದೆ. "1,24,000" ಎಂದು ಕಾಮಾ ಸಮೇತ ಉಳಿಸಿದರೆ ಎಸ್‌ಕ್ಯೂಲೈಟ್‌ಗೆ ಅದು ಸಂಖ್ಯೆಯಲ್ಲ, ಪಠ್ಯ. ಪಠ್ಯವನ್ನು ಅಕ್ಷರದ ಕ್ರಮದಲ್ಲಿ ಜೋಡಿಸುವುದರಿಂದ 9ರ ಮೊದಲು 10 ಬರುತ್ತದೆ. ಸಂಖ್ಯೆಗೆ ತಿರುಗಿಸು ಎಂದರೆ ಮೊದಲ ಕಾಮಾ ತನಕ ಮಾತ್ರ ಓದಿ 1 ಎನ್ನುತ್ತದೆ. ಮುಂದೆ ರೂಪಾಯಿ ಚಿಹ್ನೆ ಇದ್ದರೆ ಸೊನ್ನೆ. ಕಾಲಂ ಅನ್ನು ಇಂಟಿಜರ್ ಎಂದು ಮಾಡಿದ್ದೇವಲ್ಲ ಎನ್ನಬೇಡಿ. ಮಾಮೂಲಿ ಟೇಬಲ್‌ಗಳಲ್ಲಿ ಎಸ್‌ಕ್ಯೂಲೈಟ್ ಪಠ್ಯವನ್ನೂ ಅಲ್ಲಿ ಕೂರಲು ಬಿಡುತ್ತದೆ.

ಪರೀಕ್ಷೆ ಸುಲಭ. "ಟೈಪ್‌ಆಫ್" ಫಂಕ್ಷನ್ ಬಳಸಿ ಆ ಕಾಲಂನಲ್ಲಿ ಎಷ್ಟು ಸಾಲು ಇಂಟಿಜರ್, ಎಷ್ಟು ಟೆಕ್ಸ್ಟ್ ಎಂದು ಎಣಿಸಿ. ಎಲ್ಲವೂ ಟೆಕ್ಸ್ಟ್ ಆಗಿದ್ದರೆ ಮೊದಲಿನಿಂದಲೂ ತಪ್ಪಿದೆ. ಒಂದು ದಿನಾಂಕದಿಂದ ಈಚೆಗೆ ಮಾತ್ರ ಟೆಕ್ಸ್ಟ್ ಆಗಿದ್ದರೆ ಅವತ್ತು ಯಾರೋ ಸ್ಕ್ರೀನ್ ಬದಲಾಯಿಸಿದ್ದಾರೆ. ಕನ್ನಡ ಅಂಕಿ ಕಾಣಲಿ ಎಂದು ಸೆಟ್ಟಿಂಗ್ ಬದಲಿಸಿದ ದಿನವೇ ಹೀಗಾಗಿದ್ದು ಒಮ್ಮೆ ನೋಡಿದ್ದೇನೆ. ೬೦೦ ಎಂದು ಕಾಣುವುದು ಚೆಂದವೇ, ನನಗೂ ಇಷ್ಟ. ಆದರೆ ಅದು ಗಾಜಿನ ಮೇಲೆ ಇರಲಿ, ಪೆಟ್ಟಿಗೆ ಒಳಗೆ ಬೇಡ. ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ದಿನಾಂಕವನ್ನು 2024-07-09 ಎಂಬ ಕ್ರಮದಲ್ಲಿ.

ಹಳೆಯ ಸಾಲುಗಳಲ್ಲಿ ಕಾಮಾ ತೆಗೆಯುವುದು ಕಷ್ಟವಲ್ಲ. ದಿನಾಂಕ ಕಷ್ಟ. 09/07 ಎಂದು ಇದ್ದರೆ ಜುಲೈ ಒಂಬತ್ತೋ, ಸೆಪ್ಟೆಂಬರ್ ಏಳೋ? ತಿಂಗಳು, ದಿನ ಎರಡೂ 12ರ ಒಳಗಿದ್ದು ಮಧ್ಯದಲ್ಲಿ ಸ್ಕ್ರೀನಿನ ಕ್ರಮ ಬದಲಾಗಿದ್ದರೆ ಊಹೆ ಮಾಡಬೇಡಿ. ಬಿಲ್ ನಂಬರ್ ಸಾಲು ನೋಡಿ, ಅದರಲ್ಲೂ ಬಗೆಹರಿಯದಿದ್ದರೆ ಕಾಗದದ ಬಿಲ್ ತೆಗೆಯಿರಿ. ಬ್ಯಾಂಕ್ ಅಥವಾ ತೆರಿಗೆ ಲೆಕ್ಕಕ್ಕೆ ಹೋಗುವ ಅಂಕಿಯಾದರೆ ಮಂಡಿಯ ಆಡಿಟರ್ ಜೊತೆ ಕೂತೇ ತಿದ್ದಿ.

ಲಕ್ಷಣ: ಒಂದು ಸ್ಕ್ರೀನ್ ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ

2023ರ ಜುಲೈ ನೆನಪಿದೆಯಲ್ಲ? 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ಹಳೆಯ ಸಾಫ್ಟ್‌ವೇರ್ ಒಂದರಲ್ಲಿ ರೇಟಿನ ಜಾಗಕ್ಕೆ ಮೂರೇ ಅಂಕಿ ಹಿಡಿಯುತ್ತಿತ್ತು. ಟೊಮೆಟೊ ಸಾವಿರ ಮುಟ್ಟುತ್ತದೆ ಎಂದು ಬರೆದವರು ಕನಸಲ್ಲೂ ಎಣಿಸಿರಲಿಲ್ಲ. ಕಂಪ್ಯೂಟರ್ ಒಪ್ಪದ್ದನ್ನು ಮೊಬೈಲ್ ಆಪ್ ಒಪ್ಪಿಕೊಂಡಿತು. ಅಷ್ಟೇ ಅಲ್ಲ, ಮೊಬೈಲ್ ಸೊನ್ನೆ ಬಾಕ್ಸನ್ನೂ ಒಪ್ಪಿಕೊಳ್ಳುತ್ತಿತ್ತು.

ನಿಯಮ ಸ್ಕ್ರೀನಿನಲ್ಲಿ ಕೂತಿದೆ ಎಂಬುದರ ಗುರುತು ಇದು. ಎಷ್ಟು ಸ್ಕ್ರೀನೋ ಅಷ್ಟು ನಿಯಮ. "ಬಾಕ್ಸ್ ಸೊನ್ನೆಗಿಂತ ಜಾಸ್ತಿ ಇರಬೇಕು" ಎಂಬುದನ್ನು ಬಿಲ್ ಆಬ್ಜೆಕ್ಟೇ ನೋಡಿಕೊಳ್ಳಲಿ, ಡೇಟಾಬೇಸ್‌ನಲ್ಲೂ ಚೆಕ್ ನಿರ್ಬಂಧ ಹಾಕಿ. ಸ್ಕ್ರೀನ್ ಬೇಕಾದರೆ ಕೆಂಪು ಬಣ್ಣ ತೋರಿಸಲಿ.

ಲಕ್ಷಣ: ಸ್ಕ್ರೀನ್ ಬೆಳ್ಳಗಾಗಿ ನಿಂತುಬಿಡುತ್ತದೆ

ಮೊದಲು ಅಗ್ಗದ ಕಾರಣಗಳು. ಡಿಸ್ಕ್ ತುಂಬಿದೆಯೇ? ಆಂಟಿವೈರಸ್ ಆ ಫೋಲ್ಡರನ್ನು ಕೆರೆಯುತ್ತಿದೆಯೇ? ಇಲ್ಲ ಎಂದಾದರೆ ಅದೇ ಕ್ವೆರಿಯನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಡಿಬಿ ಬ್ರೌಸರ್‌ನಲ್ಲಿ ಓಡಿಸಿ ಸಮಯ ನೋಡಿ. ಅಲ್ಲೂ ನಿಧಾನವಾದರೆ ಬೇಗ ಹುಡುಕಲು ಬೇಕಾದ ಇಂಡೆಕ್ಸ್ ಇಲ್ಲ ಎಂದು ಲೆಕ್ಕ, ಸ್ಕ್ರೀನಿನ ತಪ್ಪಲ್ಲ. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು, ಸಾಫ್ಟ್‌ವೇರ್‌ನಲ್ಲಿ ಹತ್ತು ಸೆಕೆಂಡ್ ಆದರೆ ಮುಂದೆ ಓದಿ.

ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ. ಸರಿಸಿದಷ್ಟೂ ತಡವರಿಸಿದರೆ ಪ್ರತಿ ಕೋಶ ಬಿಡಿಸುವಾಗಲೂ ರೈತರ ಹೆಸರಿಗೆ ಡೇಟಾಬೇಸ್ ಕೇಳುತ್ತಿದೆ. ಸ್ವಿಂಗ್ ಕಾಣುವ ಪ್ರತಿ ಕೋಶಕ್ಕೂ ರೆಂಡರರ್ (ಕೋಶ ಬಿಡಿಸುವ ಕೋಡ್) ಕರೆಯುತ್ತದೆ, ಮತ್ತೆ ಬಿಡಿಸಿದಾಗಲೆಲ್ಲ ಮತ್ತೆ ಕರೆಯುತ್ತದೆ. ಸರಿಸುವಾಗ ಆರಾಮಾಗಿದ್ದು ತೆರೆಯುವಾಗ ಮಾತ್ರ ನಿಂತರೆ, ಸ್ಕ್ರೀನ್ ನಡೆಸುವ ಥ್ರೆಡ್‌ನಲ್ಲೇ (ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ಸಾಗುವ ಸಾಲು) ದೊಡ್ಡ ಕ್ವೆರಿ ಓಡುತ್ತಿದೆ. ಆಂಡ್ರಾಯ್ಡ್‌ನಲ್ಲಿ ಡೇಟಾ ಉಳಿಸುವ ರೂಮ್ ಲೈಬ್ರರಿ ಇದಕ್ಕೆ ತಾನಾಗೇ ಅಡ್ಡ ಹಾಕುತ್ತದೆ. ಆ ಅಡ್ಡ ತೆಗೆಯುವ "ಅಲೌ ಮೇನ್ ಥ್ರೆಡ್ ಕ್ವೆರೀಸ್" ಕೋಡ್‌ನಲ್ಲಿ ಕಂಡರೆ, ಹೊಗೆ ಬಂದಾಗ ಅಲಾರಂನ ಬ್ಯಾಟರಿ ಕಿತ್ತಿಟ್ಟಂತೆ. ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ "ಆಪ್ ಸ್ಪಂದಿಸುತ್ತಿಲ್ಲ" ಎಂದು ಫೋನೇ ಹೇಳುತ್ತದೆ.

ಕ್ವೆರಿಯನ್ನು ಬೇರೆ ಥ್ರೆಡ್‌ಗೆ ಹಾಕಿದಿರಿ. ಈಗ ಜಾವಾಎಫ್‌ಎಕ್ಸ್‌ನಿಂದ "ನಾಟ್ ಆನ್ ಎಫ್‌ಎಕ್ಸ್ ಅಪ್ಲಿಕೇಶನ್ ಥ್ರೆಡ್" ಎಂಬ ಎರರ್ ಬಂತು. ಡೇಟಾ ಕೋಡ್ ನೇರವಾಗಿ ಸ್ಕ್ರೀನಿಗೆ ಕಟ್ಟಿದ ಲಿಸ್ಟನ್ನೇ ಮುಟ್ಟುತ್ತಿದೆ ಎಂದರ್ಥ. ಇಲ್ಲಿ ತುಂಬ ಜನ ಎಡವುತ್ತಾರೆ. ಕೆಲಸವನ್ನು ಸ್ಕ್ರೀನಿನ ಥ್ರೆಡ್‌ಗೆ ದಾಟಿಸುವ "ಪ್ಲಾಟ್‌ಫಾರ್ಮ್ ರನ್‌ಲೇಟರ್" ಅನ್ನು ಡೇಟಾ ಲೇಯರ್ ಒಳಗೇ ಸೇರಿಸಿಬಿಡುತ್ತಾರೆ. ಎರರ್ ಹೋಗುತ್ತದೆ, ಮೊಳೆ ಇನ್ನೂ ಆಳಕ್ಕೆ ಇಳಿಯುತ್ತದೆ. ಡೇಟಾ ಲೇಯರ್ ಬರೀ ಲಿಸ್ಟ್ ಕೊಡಲಿ. ಯಾವ ಥ್ರೆಡ್‌ನಲ್ಲಿ ತೋರಿಸಬೇಕು ಎಂಬುದು ತೋರಿಸುವವರ ತಲೆನೋವು.

ಲಕ್ಷಣ: ರಾತ್ರಿ ಬ್ಯಾಕಪ್ "ಟೂಲ್‌ಕಿಟ್ ನಾಟ್ ಇನಿಶಿಯಲೈಸ್ಡ್" ಎಂದು ನಿಂತಿತು

ಮೇಲಿನ ತಪ್ಪು ರಿಪೇರಿಯ ಫಲ ಇದು. ರಾತ್ರಿ ಓಡುವ ಕೆಲಸಕ್ಕೆ ಸ್ಕ್ರೀನಿಲ್ಲ, ಜಾವಾಎಫ್‌ಎಕ್ಸ್ ಶುರುವಾಗಿರುವುದಿಲ್ಲ. ಆದರೂ ಡೇಟಾ ಕೋಡ್ ಅದನ್ನು ಕರೆಯುತ್ತಿದೆ. ಸ್ವಿಂಗ್ ಕೋಡನ್ನು ಪರದೆಯಿಲ್ಲದ ಲಿನಕ್ಸ್ ಸರ್ವರ್‌ಗೆ ಹಾಕಿದಾಗ ಬರುವ "ಹೆಡ್‌ಲೆಸ್ ಎಕ್ಸೆಪ್ಶನ್" ಕೂಡ ಇದೇ ಜಾತಿ. ಎಷ್ಟು ದಿನದಿಂದ ಬ್ಯಾಕಪ್ ಆಗಿಲ್ಲ ನೋಡಿ, ಮೊದಲು ಕೈಯಾರೆ ಒಂದು ತೆಗೆದಿಡಿ.

ಲಕ್ಷಣ: "ಡೇಟಾಬೇಸ್ ಈಸ್ ಲಾಕ್ಡ್"

ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಸಾಫ್ಟ್‌ವೇರ್ ಎರಡು ಸಲ ತೆರೆದಿದೆಯೇ ನೋಡಿ. ಡಿಬಿ ಬ್ರೌಸರ್‌ನಲ್ಲಿ ಏನೋ ತಿದ್ದಿ ಉಳಿಸದೆ ಹಾಗೇ ಬಿಟ್ಟಿದ್ದೀರಾ? ನಾನು ಎಷ್ಟೋ ಸಲ ಬಿಟ್ಟಿದ್ದೇನೆ.

ಫೈಲನ್ನು ಶೇರ್ಡ್ ಫೋಲ್ಡರ್‌ನಲ್ಲಿಟ್ಟು ಮೂರು ಕಂಪ್ಯೂಟರ್‌ನಿಂದ ಬಳಸುತ್ತಿದ್ದರೆ ಅಲ್ಲೇ ನಿಲ್ಲಿ. ನೆಟ್‌ವರ್ಕ್ ಫೋಲ್ಡರ್ ಮೇಲೆ ಲಾಕ್ ಸರಿಯಾಗಿ ಕೆಲಸ ಮಾಡದೆ ಫೈಲೇ ಕೆಡಬಹುದು ಎಂದು ಎಸ್‌ಕ್ಯೂಲೈಟ್‌ನವರೇ ಎಚ್ಚರಿಸುತ್ತಾರೆ. ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಡೇಟಾಬೇಸ್ ಬೇಕು, ಅದು ಗೊತ್ತಿರುವವರಿಂದ ಮಾಡಿಸಿ.

ಇವೆಲ್ಲ ಇಲ್ಲದಿದ್ದರೆ, ಯಾವ ಹೊತ್ತಿಗೆ ಲಾಕ್ ಆಗುತ್ತದೆ ಎಂದು ಬರೆದಿಡಿ. ಒಂದು ಕಡೆ ದಿನಾ ಹತ್ತೂವರೆಗೆ ಆಗುತ್ತಿತ್ತು. ಫಾರಂ ತೆರೆದಾಗ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂಬಂತೆ ಒಟ್ಟು ಕಟ್ಟಿದ ಬರಹ) ಶುರು, ಮೊದಲ ಸಾಲು ತುಂಬಿದಾಗ ಡೇಟಾಬೇಸ್‌ಗೆ ಬರಹ, "ಉಳಿಸು" ಒತ್ತಿದಾಗ ಮುಕ್ತಾಯ. ಗುಮಾಸ್ತರು ಫಾರಂ ಅರ್ಧಕ್ಕೆ ಬಿಟ್ಟು ಟೀಗೆ ಹೋದರೆ ಇಡೀ ಮಂಡಿಯ ಬಿಲ್ಲಿಂಗ್ ಟೀ ಮುಗಿಯುವ ತನಕ ಕಾಯಬೇಕು. ಲಾಕ್ ಬಿಡುವ ತನಕ ಕಾಯುವ ಬಿಜಿ ಟೈಮ್‌ಔಟ್ ಐದು ಸೆಕೆಂಡ್ ಇಟ್ಟರೆ ಟೀ ಐದು ಸೆಕೆಂಡಿಗೆ ಮುಗಿಯುತ್ತದೆಯೇ? ಟ್ರಾನ್ಸಾಕ್ಷನ್ "ಉಳಿಸು" ಒತ್ತಿದ ಮೇಲೆ ಡೇಟಾ ಲೇಯರ್ ಒಳಗೇ ಶುರುವಾಗಿ ಅಲ್ಲೇ ಮುಗಿಯಬೇಕು.

ಲಕ್ಷಣ: ಹೊಸ ವರ್ಷನ್ ಹಳೆಯ ಡೇಟಾ ತೆರೆಯುವುದಿಲ್ಲ

ಡೇಟಾಬೇಸೇ ಬೇಡ ಎಂದು ಸ್ಕ್ರೀನಿನ ಟೇಬಲ್ ಮಾಡೆಲನ್ನು ಹಾಗೇ ಸೀರಿಯಲೈಸ್ ಮಾಡಿ, ಅಂದರೆ ಮೆಮೊರಿಯಲ್ಲಿದ್ದುದನ್ನೇ ಬೈಟ್‌ಗಳಾಗಿಸಿ, ಫೈಲಿಗೆ ಸುರಿದಿರುತ್ತಾರೆ. ಹಾಗೆ ಬರೆದದ್ದು ಮುಂದಿನ ಸ್ವಿಂಗ್ ಆವೃತ್ತಿಗಳಿಗೆ ಹೊಂದದೇ ಇರಬಹುದು ಎಂದು ಜಾವಾ ದಾಖಲೆಯಲ್ಲೇ ಎಚ್ಚರಿಕೆ ಇದೆ. ಜಾವಾಎಫ್‌ಎಕ್ಸ್ ಪ್ರಾಪರ್ಟಿಗಳಾದರೆ ಸೀರಿಯಲೈಸ್ ಆಗುವುದೇ ಇಲ್ಲ, ಎರರ್ ಅಲ್ಲೇ ಬರುತ್ತದೆ. ಅದು ಒಂದು ಲೆಕ್ಕಕ್ಕೆ ಪುಣ್ಯ.

ಹಳೆಯ ಕಂಪ್ಯೂಟರ್, ಹಳೆಯ ಜಾವಾ ಇನ್ನೂ ಇದೆಯೇ? ಗುಜರಿಗೆ ಹಾಕಬೇಡಿ. ಅದರಲ್ಲೇ ತೆರೆದು ಸಿಎಸ್‌ವಿಗೆ (ಕಾಮಾ ಹಾಕಿ ಬೇರ್ಪಡಿಸಿದ ಸರಳ ಪಠ್ಯ ಫೈಲ್) ಇಳಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಅದೂ ಇಲ್ಲ ಎಂದಾದರೆ ಗಂಟೆಗಟ್ಟಲೆ ಬೈಟ್ ಬಿಡಿಸುವ ಕೆಲಸ, ಬಲ್ಲವರ ಕೈಗೆ ಕೊಡಿ.

ಮೊಳೆ ಕೀಳುವುದು

ಎಲ್ಲವನ್ನೂ ಒಂದೇ ಸಲ ಬಿಚ್ಚಬೇಡಿ. ಒಂದು ಕೆಲಸ ಆರಿಸಿ, ಉದಾಹರಣೆಗೆ ಬಿಲ್ ಉಳಿಸುವುದು. ಅದಕ್ಕೊಂದು ಇಂಟರ್‌ಫೇಸ್ (ಏನೇನು ಕೆಲಸ ಕೇಳಬಹುದು ಎಂಬ ಪಟ್ಟಿ) ಬರೆಯಿರಿ. ಮೆಥಡ್ ಹೆಸರುಗಳು ಮಂಡಿಯ ಮಾತಿನಲ್ಲಿರಲಿ: ಬಿಲ್ ಉಳಿಸು, ರೈತರ ಬಾಕಿ ಕೊಡು, ಕ್ರೇಟ್ ವಾಪಸ್ ಬರೆ. "ಟೇಬಲ್ ತುಂಬಿಸು" ಎಂಬ ಹೆಸರು ಬಂದರೆ ಸ್ಕ್ರೀನ್ ಮತ್ತೆ ನುಸುಳಿತು.

ಆಮೇಲೆ ಡೇಟಾ ಕೋಡನ್ನು ಬೇರೆ ಮಾಡ್ಯೂಲ್‌ಗೆ ಸರಿಸಿ. ಜಾವಾಎಫ್‌ಎಕ್ಸ್ ಜೆಡಿಕೆ (ಜಾವಾದ ಮೂಲ ಕಿಟ್) 11ರಿಂದ ಬೇರೆಯೇ ಆಗಿದೆ, ಡಿಪೆಂಡೆನ್ಸಿಗೆ ಸೇರಿಸದಿದ್ದರೆ ಸಾಕು. ಸ್ವಿಂಗ್ ಮಾತ್ರ ಜೆಡಿಕೆ ಒಳಗೇ ಇದೆ, ಹಾಗಾಗಿ ಬೇಕಾದ ಮಾಡ್ಯೂಲ್‌ಗಳ ಪಟ್ಟಿಯಾದ ಮಾಡ್ಯೂಲ್‌ಇನ್ಫೋದಲ್ಲಿ ಸ್ವಿಂಗ್ ಇರುವ "ಜಾವಾ ಡೆಸ್ಕ್‌ಟಾಪ್" ಬರೆಯದೆ ಬಿಡಬೇಕು. ಆಗ ತಪ್ಪಿ ಯಾರಾದರೂ ಸ್ಕ್ರೀನ್ ಕ್ಲಾಸ್ ಕರೆದರೆ ಕಂಪೈಲರೇ ತಡೆಯುತ್ತದೆ. ಒಂದು ಚಿಕ್ಕ ಮುಳ್ಳು: ಬದಲಾವಣೆ ತಿಳಿಸುವ "ಪ್ರಾಪರ್ಟಿ ಚೇಂಜ್ ಸಪೋರ್ಟ್" ನೋಡಲು ಸಾಧುವಾದರೂ ಅದೇ ಡೆಸ್ಕ್‌ಟಾಪ್ ಮಾಡ್ಯೂಲ್‌ನಲ್ಲಿದೆ. ಅದರ ಬದಲು ನಿಮ್ಮದೇ ಸರಳ ಲಿಸನರ್ ಬರೆದುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ರೂಮ್‌ನ ಎಂಟಿಟಿ ಗುರುತುಗಳಿಗೆ ತಲೆಕೆಡಿಸಿಕೊಳ್ಳಬೇಡಿ, ಅವು ಡೇಟಾ ಕಡೆಯವೇ. ಸ್ಕ್ರೀನಿನ ಲೈಫ್‌ಸೈಕಲ್‌ಗೆ ಅಂಟಿಕೊಂಡ ಲೈವ್‌ಡೇಟಾ ವಾಪಸ್ ಕೊಡುವ ಜಾಗಗಳಲ್ಲಿ ಕಾಟ್ಲಿನ್ ಫ್ಲೋ ಕೊಡಿ, ಸಾಕು.

ಕೊನೆಗೆ ಸ್ಕ್ರೀನೇ ಇಲ್ಲದ ಒಂದು ಪರೀಕ್ಷೆ. ಕಪ್ಪು ಕಮಾಂಡ್ ಕಿಟಕಿಯಿಂದ 40 ಬಾಕ್ಸ್, 600 ರೂಪಾಯಿಯ ಬಿಲ್ ಉಳಿಸಿ, ವಾಪಸ್ ಓದಿ. ಮೊತ್ತ ನೋಡಿ ಎದ್ದು ಬರಬೇಡಿ, ಬಾಕ್ಸ್ 40 ಇದೆಯೇ ನೋಡಿ.

ಒಂದೇ ಸ್ಕ್ರೀನಿನ, ಒಬ್ಬರೇ ಬಳಸುವ ಪುಟ್ಟ ಆಪ್‌ಗೆ ಇಷ್ಟೆಲ್ಲ ಬೇಕಾ? ಬೇಡ. ಅಲಂಕಾರವನ್ನು ಡೇಟಾಬೇಸ್‌ಗೆ ಸೇರಿಸದಿದ್ದರೆ, ಸಾಲು ಸಂಖ್ಯೆಯಿಂದ ಅಳಿಸದಿದ್ದರೆ ಸಾಕು. ಎರಡನೇ ಸ್ಕ್ರೀನ್ ಕೇಳಿದ ದಿನ ಉಳಿದದ್ದನ್ನು ಶುರು ಮಾಡಿ. ಆ ದಿನ ಜೂನ್ ಮತ್ತು ಆಗಸ್ಟ್ ಮಧ್ಯೆ ಬಂದರೆ ಮಾತ್ರ ಮುಂದೂಡಿ. ಯಾರ್ಡ್‌ನಲ್ಲಿ ಲಾರಿಗಳು ಸಾಲು ನಿಂತಿರುವಾಗ, ಬೆಳಿಗ್ಗೆ ಎಂಟು ಗಂಟೆಗೆ "ಹೊಸ ವರ್ಷನ್ ಹಾಕಿದ್ದೀನಿ" ಎಂದವರಿಗೆ ನಮ್ಮ ಕಡೆ ಯಾರೂ ಟೀ ಕೊಡುವುದಿಲ್ಲ.